ಬಲಗೈಗೆ ಮಾತ್ರ

ಗುರುವಾರ ನಾಲ್ಕಕ್ಕೆ ಬರುತ್ತಿದ್ದರು,
ಟೊಲಿಡೊದ ಡಾರ್ ಬೀದಿಯಲ್ಲಿ, ಲಾಂಡ್ರಿಯ ಪಕ್ಕದ
ನಮ್ಮ ಉಗುರಿನಂಗಡಿಗೆ.
ಹ್ಯಾಟು ತೆಗೆದು ತೊಡೆಯ ಮೇಲಿಟ್ಟು
"ಬಲಗೈಗೆ ಮಾತ್ರ" ಎನ್ನುತ್ತಿದ್ದರು.
ಮದುವೆಗೆ ಬಣ್ಣ ಹಚ್ಚಿಸಲು ಬಂದ ಹುಡುಗಿಯರು ಕಿಸಕ್ಕನೆ ನಗುವರು.
ಅರ್ಧ ಕೆಲಸ, ಅರ್ಧ ದುಡ್ಡು,
ನನಗೇನು.

ಉಗುರುಬೆಚ್ಚನೆಯ ನೀರಲ್ಲಿ ಆ ಕೈ ಮುಳುಗಿರುವಾಗ
ಇನ್ನೊಂದನ್ನು ಕದ್ದು ನೋಡಿದೆ:
ಎಡಗೈಯ ಉಗುರು ಬುಡಮಟ್ಟ ಕತ್ತರಿಸಿದ್ದು,
ತುದಿಗಳು ಹುಣಿಸೆಬೀಜದಷ್ಟು ಗಟ್ಟಿ.
ಬಲಗೈಯೋ, ದೊರೆಸಾನಿಯದು.
ಈ ಮನುಷ್ಯ ಇಬ್ಬರ ಕೈ ಹೊತ್ತು ತಿರುಗುತ್ತಾನಲ್ಲ
ಅಂದುಕೊಂಡೆ.

ಮೂರನೆಯ ತಿಂಗಳು ಕೇಳಿಯೇ ಬಿಟ್ಟೆ. ಮಾತಿನಲ್ಲಿ ಹೇಳಲಿಲ್ಲ.
ಬಣ್ಣದ ಸೀಸೆಗಳನ್ನು ಆಚೆ ಸರಿಸಿ
ನನ್ನ ಮೇಜಿನ ಅಂಚನ್ನೇ ತಂತಿ ಮಾಡಿಕೊಂಡರು.
ಹೆಬ್ಬೆರಳು ನಡೆಯತೊಡಗಿತು,
ರಾತ್ರಿಪಾಳಿ ಮುಗಿಸಿ ಮನೆಗೆ ಬರುವವನ ಹೆಜ್ಜೆ,
ಆತುರವಿಲ್ಲ, ಒಂದು ಮೆಟ್ಟಿಲೂ ತಪ್ಪದು.
ತೋರುಬೆರಳು, ನಡುಬೆರಳು
ಒಳಕೋಣೆಯಲ್ಲಿ ಪಿಸುಗುಟ್ಟುವ ಅಕ್ಕತಂಗಿಯರು.
ಉಂಗುರದ ಬೆರಳು ಕಿಟಕಿಗೆ ಬಂದು
ಯಾರನ್ನೋ ಕರೆಯಿತು, ಹೆಸರು ಹಿಡಿಯದೆ.
"ಐದು ಬೆರಳೂ ಸಮವಿಲ್ಲ, ಪುಣ್ಯ," ಅಂದರು,
"ಸಮವಿದ್ದಿದ್ದರೆ ಎಲ್ಲವೂ ಒಟ್ಟಿಗೇ ಮಾತಾಡುತ್ತಿದ್ದವು."
ಕಿರುಬೆರಳು?
"ಅದು ಬಾಗಿಲಲ್ಲಿ ನಿಂತು ಕೇಳುತ್ತದೆ.
ಕೇಳುವವರೂ ಒಬ್ಬರು ಬೇಕಲ್ಲ."

ಮೂವತ್ತೊಂದು ವರ್ಷ ಗಾಜಿನ ಕಾರ್ಖಾನೆಯಲ್ಲಿ
ಸೀಸೆಗಳನ್ನು ಉಗುರಿಂದ ತಟ್ಟಿ
ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಲ್ಲಿ ಹಿಡಿದವರು
ಅರ್ಸ್ಕಿನ್ ಪೆಟ್‌ವೇ.
ಶನಿವಾರ ಮಾತ್ರ, ಮೀನು ಕರಿಯುವ ಹೋಟೆಲಿನ ಮೂಲೆಯಲ್ಲಿ
ಗಿಟಾರು. ಒಂದೇ ರೆಕಾರ್ಡು, ಮುನ್ನೂರು ಪ್ರತಿ;
ಅದರ ಮೇಲೂ ಹೆಸರು ತಪ್ಪಾಗಿ ಅಚ್ಚಾಗಿತ್ತು.
ದೊಡ್ಡ ಊರಿನಿಂದ ಬಂದವರು
ಪ್ಲೆಕ್ಟ್ರಮ್ ಹಿಡಿ, ಜೋರಾಗಿ ನುಡಿಸು,
ಹಿಂದಿನ ಸಾಲಿಗೆ ಕೇಳದು ಅಂದರಂತೆ.
"ಉಗುರಲ್ಲಿ ಮುಗಿಯುವುದಕ್ಕೆ ಕೊಡಲಿ ಯಾಕೆ?
ಹಿಂದಿನ ಸಾಲಿನವರು ಮುಂದೆ ಬರಲಿ."
ಅವರು ಬರಲಿಲ್ಲ. ಕಾರು ಹತ್ತಿ ಹೊರಟುಹೋದರು.

ಆ ರೆಕಾರ್ಡು ನಾನು ಕೇಳಿದ್ದೇನೆ,
ಅಂಗಡಿ ಮುಚ್ಚಿದ ಮೇಲೆ, ಅಸಿಟೋನಿನ ವಾಸನೆಯಲ್ಲಿ.
ಸ್ವರಕ್ಕೆ ಮೊದಲು ತಾಗುವುದು ತೊಗಲು,
ಆಮೇಲೆ ಉಗುರು,
ನಿದ್ದೆಯ ಮಗುವಿನ ಭುಜ ಮುಟ್ಟಿ
ಆಮೇಲೆ ಹೆಸರು ಕರೆದ ಹಾಗೆ.
ಆ ನಡುವಿನ ಕೂದಲೆಳೆಯಷ್ಟು ಹೊತ್ತನ್ನು
ಅರದಿಂದ ಉಜ್ಜಿ ಉಜ್ಜಿ ಮಾಡಿಕೊಟ್ಟವಳು ನಾನು.
ಇದನ್ನು ಯಾರಿಗೂ ಹೇಳಿಲ್ಲ.

"ಎದೆಯ ಚೀಟಿಯಲ್ಲಿ ಲಿಲಿ. ನಿಜವಾದ ಹೆಸರು?"
ಙುಯೆತ್ ಎಂದೆ.
"ಊರು?" ಕ್ವಿನ್ಯೋನ್.
ಮೇಜಿನ ಮೇಲೆ ನಡೆಯುತ್ತಿದ್ದ ಹೆಬ್ಬೆರಳು ನಿಂತಿತು.
ಎರಡು ಗುರುವಾರ ಬರಲಿಲ್ಲ.
ಮೂರನೆಯದಕ್ಕೆ ಬಂದು, ಕೈ ನೀರಿಗಿಟ್ಟು,
ಬಾಸ್ ನುಡಿಸುವವನೊಬ್ಬನಿದ್ದ, ರಾಯಲ್ ಟಿಬ್ಸ್,
ಅರವತ್ತಾರರಲ್ಲಿ ಆ ಕಡೆಗೆ ಹೋದ ಎಂದರು.
"ಅವನ ಜಾಗಕ್ಕೆ ಯಾರನ್ನೂ ಕರೆಯಲಿಲ್ಲ.
ಹೆಬ್ಬೆರಳಿಗೆ ಕಲಿಸಿದೆ."
ನನಗೂ ಅಣ್ಣನೊಬ್ಬನಿದ್ದ. ಹೇಳಲಿಲ್ಲ.
ಆ ಬೆರಳನ್ನು ಬೇಕಾದ್ದಕ್ಕಿಂತ
ಹೆಚ್ಚು ಹೊತ್ತು ಹಿಡಿದಿದ್ದೆ.

ಅವರು ಹೋಗಿ ಆರು ಚಳಿಗಾಲ.
ಪತ್ರಿಕೆಯಲ್ಲಿ ನಾಲ್ಕು ಸಾಲು, ನಿವೃತ್ತ ಗಾಜಿನ ಕಾರ್ಮಿಕ ಅಂತ.
ಆದರೆ ಮೊನ್ನೆ ಸಿಟಿ ಬಸ್ಸಿನ ಡ್ರೈವರೊಬ್ಬ ಬಂದ;
ಅದಕ್ಕೂ ಮೊದಲು ಚರ್ಚಿನ ಹುಡುಗಿ;
ಕ್ಲೀವ್‌ಲ್ಯಾಂಡಿನಿಂದ, ಹಿಮದಲ್ಲಿ ಕಾರು ಓಡಿಸಿಕೊಂಡು, ಹಲ್ಲಿನ ಡಾಕ್ಟರು.
ಕೂತು, ಸಂಕೋಚದಿಂದ, ಒಂದೇ ಕೈ ಚಾಚುತ್ತಾರೆ.
ಯಾರು ಕಲಿಸಿದರೆಂದು ಕೇಳುವುದಿಲ್ಲ.
ಹೆಬ್ಬೆರಳ ಉಗುರು ಎಡಕ್ಕೆ
ಅಕ್ಕಿಕಾಳಿನಷ್ಟು ಓರೆ.
ಆ ಓರೆ ನನ್ನ ಕೈಗೆ ಗೊತ್ತು.

ಈಚೆಗೆ ಗೋಡೆಯ ದರಪಟ್ಟಿಯಲ್ಲಿ
ಕೊನೆಗೊಂದು ಸಾಲು ಸೇರಿಸಿದ್ದೇನೆ:
ಬಲಗೈ ಮಾತ್ರ, ಆರು ಡಾಲರ್.
ಮದುವೆಯ ಹುಡುಗಿಯರು ಓದಿ
ಈಗಲೂ ನಗುತ್ತಾರೆ.