ಎಡದಿಂದ ನಾಲ್ಕನೆಯವನು

ಮೊದಲ ಸಲ ಬಂದಾಗ ಅವನ ಕೈ
ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು.
ಕ್ಲೈಪೆಡಾ ಬಂದರಿನ ದೋಣಿಕಟ್ಟೆಯ ಬಳಿ ನನ್ನ ಗೂಡಂಗಡಿ,
ನವೆಂಬರ್, ಸಮುದ್ರದ ಗಾಳಿ ಅಡ್ಡಡ್ಡ ಬೀಸುವ ಹೊತ್ತು.
ಮೀನು ಸೀಳುವ ಚಾಕು, ಬಾಯಿಗೆ ಸುತ್ತಿದ ಉಣ್ಣೆಯ ಶಾಲು.
ಯಾರೋ ಅಜ್ಜಿ ಹೆಣೆದದ್ದಿರಬೇಕು,
ಅಂಚಿನಲ್ಲೊಂದು ಕಡೆ ಹೆಣಿಗೆ ತಪ್ಪಿತ್ತು.

ನಾನೂರ ಹನ್ನೆರಡು ಲಿತಾಸ್, ಎರಡು ಪ್ಯಾಕು ಸಿಗರೇಟು.
ಓಡುವ ಅವಸರಕ್ಕೆ ಶಾಲು ಜಾರಿ
ಕಿವಿಯ ಕೆಳಗಿನ ಕಾಸಗಲದ ಮಚ್ಚೆ, ಒಡೆದ ತುಟಿ,
ಇಪ್ಪತ್ತೆರಡು ದಾಟದ ಮುಖ, ಎಲ್ಲ ಕಂಡುಬಿಟ್ಟೆ.
‘ಬಾಗಿಲು ಹಾಕ್ಕೊಂಡು ಹೋಗಪ್ಪಾ, ಚಳಿ’ ಅಂದೆ.
ಯಾಕಂದೆನೋ. ಎಲ್ಲ ಗಿರಾಕಿಗೂ ಅನ್ನುವ ಮಾತು.
ಅವನು ಮೂರು ಹೆಜ್ಜೆ ಹಿಂದೆ ಬಂದು
ಬಾಗಿಲು ಹಾಕಿಕೊಂಡು ಹೋದ.

ಗಾಜಿನಾಚೆ ಆರು ಜನರನ್ನು ನಿಲ್ಲಿಸಿದ್ದರು.
ಇನ್‌ಸ್ಪೆಕ್ಟರನ ಬಾಯಲ್ಲಿ ಬೆಳ್ಳುಳ್ಳಿ ವಾಸನೆ. ‘ಅವಸರ ಬೇಡಮ್ಮ.’
ನನಗೆ ಅವಸರವಿತ್ತು, ಅಂಗಡಿಗೆ ಹಾಲು ಬರುವ ಸಮಯ.
ಎಡದಿಂದ ನಾಲ್ಕನೆಯವನು, ಅಂದೆ.
ಅಷ್ಟೇ. ಒಂದು ಬೆರಳು.
ರಿಮ್‌ಗೌದಾಸ್ ಎಂಬ ಹೆಸರು ನಾನು ಕೇಳಿದ್ದು ಕೋರ್ಟಿನಲ್ಲಿ.
ಏಳು ವರ್ಷ ಎಂದಾಗ ನನ್ನತ್ತ ನೋಡಿದ,
ಸಿಟ್ಟಿನಿಂದಲ್ಲ,
ಲೆಕ್ಕ ತಪ್ಪಿದ ಹುಡುಗ ಸ್ಲೇಟು ನೋಡುವ ಹಾಗೆ.

ಒಳಗೇನಾಯಿತೋ ನಾನು ಕಂಡವಳಲ್ಲ.
ಬಡಗಿ ಕೆಲಸ ಕಲಿತನಂತೆ,
ಪಾದ್ರಿಗೊಂದು ಕುರ್ಚಿ ಮಾಡಿಕೊಟ್ಟನಂತೆ.
ಉಳಿದದ್ದನ್ನು ನಿದ್ದೆ ಬಾರದ ರಾತ್ರಿ ನಾನೇ ಕಟ್ಟಿಕೊಳ್ಳುತ್ತೇನೆ:
ಮೇಲಿನ ಮಂಚದ ಹಲ್ಲಿಲ್ಲದ ಮುದುಕ ಬಗ್ಗಿ ಕೇಳುತ್ತಾನೆ,
ನೀನು ಮಾಡಿದ ತಪ್ಪೇನು ಹುಡುಗಾ?
ಕದ್ದೆ.
ಅದಲ್ಲ.
ಚಾಕು ತೋರಿಸಿದೆ.
ಅದೂ ಅಲ್ಲ.
ಏಳು ವರ್ಷ ಇದೇ ಪಾಠ. ಕಡೆಗೊಂದು ರಾತ್ರಿ ಹುಡುಗ
ಕತ್ತಲಲ್ಲೇ ಉತ್ತರಿಸುತ್ತಾನೆ:
ನೋಡಿದವಳನ್ನು ಬಿಟ್ಟುಬಂದೆ.

ಹೊರಬಂದ ವಾರದಲ್ಲೇ ನನ್ನಂಗಡಿಗೆ ಬಂದಿದ್ದ.
ಒಂದು ಬೆಂಕಿಪೊಟ್ಟಣ.
ಲಿತಾಸ್ ಹೋಗಿ ಯೂರೋ ಬಂದಿತ್ತು. ಹೊಸ ನಾಣ್ಯಗಳನ್ನು
ಅಂಗೈಯಲ್ಲಿ ಹರಡಿ, ಎಷ್ಟು ಬೇಕೋ ತಗೋ ಅಂದ.
ಮೈ ತುಂಬಿಕೊಂಡಿತ್ತು. ಕೈ ನಡುಗಲಿಲ್ಲ.
ಇಪ್ಪತ್ತು ಸೆಂಟು ಆರಿಸಿಕೊಂಡೆ. ಮಚ್ಚೆಯತ್ತ ನೋಡಲಿಲ್ಲ.
ನೋಡದೇ ಇರುವುದು ಅವನಿಗೆ ಕಂಡಿತು.

ಆಮೇಲೆ ಪಲಂಗಾದ ಪೆಟ್ರೋಲ್ ಬಂಕು: ಕಾವಲಿನವನ ದವಡೆ.
ಕ್ರೆಟಿಂಗಾದ ಗಿರವಿ ಅಂಗಡಿ: ಮುದುಕನ ಒಂದು ಕಣ್ಣು.
ಓದುತ್ತಿದ್ದೆ, ಅದೇ ಪೇಪರಿನಲ್ಲಿ ಹೊಗೆಮೀನು ಸುತ್ತಿ ಕೊಡುತ್ತಿದ್ದೆ.
ಯಾರೆಂದು ಬರೆದಿರಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.
ಬೆರಳನ್ನು ಒಮ್ಮೆ ಎತ್ತಿದ್ದು ಸಾಕೆನಿಸಿತ್ತು.
(ಈ ಸಾಲನ್ನು ನಾನು ಪೊಲೀಸರಿಗೂ ಹೇಳಿಲ್ಲ.)

ಫೆಬ್ರವರಿಯಲ್ಲಿ ಔಷಧಿ ಅಂಗಡಿ, ರಾತ್ರಿಪಾಳಿಯ ದೈನೋರಾ.
ನನ್ನ ಮೊಣಕಾಲಿನ ಮುಲಾಮಿಗೆ
ಕಡಿಮೆ ಬೆಲೆಯದನ್ನು ತಾನೇ ಹುಡುಕಿ ಕೊಡುತ್ತಿದ್ದವಳು.
ಗಲ್ಲಾ ತೆರೆದಿತ್ತು. ದುಡ್ಡು ಕೊಟ್ಟಾಗಿತ್ತು.
ಎರಡೂ ಕೈ ಮೇಲೆತ್ತಿ ನಿಂತಿದ್ದಳು.
ಆಮೇಲೆ ಮೂರು ಸಲ.
ನಾನು ಕೇಳಿದ್ದೊಂದೇ: ಮುಖಕ್ಕೆ ಏನಾದರೂ ಕಟ್ಟಿದ್ದನೇ?
ಇಲ್ಲ, ಬರಿಮುಖ, ಅಂದರು.
ಹಾಗಾದರೆ ಶಾಲನ್ನು ಮೊಳೆಗೇ ಬಿಟ್ಟು
ಅವನು ಮನೆಯಿಂದ ಹೊರಟಾಗಲೇ ಅವಳು ಮುಗಿದಿದ್ದಳು.
ಗೋಡೆಗೂ ಈಗ ಕಣ್ಣು ಬಂದಿದೆ, ಕ್ಯಾಮೆರಾ ಎನ್ನುತ್ತಾರೆ,
ಎಂಬುದು ಮೇಲಿನ ಮಂಚದ ಮುದುಕನಿಗೆ ಗೊತ್ತಿರಲಿಲ್ಲ.

ಈಸ್ಟರಿನ ಹಿಂದಿನ ದಿನ ಅವಳ ತಾಯಿ ಬಂದಳು.
ನಾಲ್ಕು ಮೇಣದ ಬತ್ತಿ ಕೊಂಡು, ಹೋಗದೆ ನಿಂತಳು.
‘ಹತ್ತಿರದಿಂದ ನೋಡಿದವಳು ನೀನಂತೆ. ಹೇಗಿದ್ದ?’
ಬಾಗಿಲು ಹಾಕಿಕೊಂಡು ಹೋದ
ಎಂಬ ಮಾತು ನಾಲಗೆಯ ತುದಿಗೆ ಬಂತು.
ಚಿಲ್ಲರೆ ಎಣಿಸಿದೆ. ಮತ್ತೆ ಎಣಿಸಿದೆ.
‘ನಡುಗುತ್ತಿದ್ದ’ ಅಂದೆ.

ತಲೆಯಾಡಿಸಿ ಹೊರಟಳು,
ಬಾಗಿಲು ತೆರೆದೇ ಬಿಟ್ಟು.
ಗಾಳಿ ನುಗ್ಗಿ ಪೇಪರುಗಳನ್ನೆಲ್ಲ ಎತ್ತಿಹಾಕಿತು.
ನಾನೇನೂ ಅನ್ನಲಿಲ್ಲ.