ಸೊಹಾರ್ ಕೋರ್ಟಿನಲ್ಲಿ ಒಂದು ಕ್ರಿಯಾಪದ

ಟೈಪಿಂಗ್ ಸೆಂಟರಿನವನು ನಾನು. ವೀಸಾ ಅರ್ಜಿ, ಬಾಡಿಗೆ ಕರಾರು,
ಕಳೆದ ಪಾಸ್‌ಪೋರ್ಟಿಗೊಂದು ದೂರು, ಇಷ್ಟೇ ನನ್ನ ಅರಬ್ಬಿ.
ಕನ್ನಡ ಬಲ್ಲವರು ಬೇರೆ ಯಾರೂ ಸಿಗಲಿಲ್ಲವೆಂದು
ಅವತ್ತು ಜಡ್ಜಿನೆದುರು ನಿಲ್ಲಿಸಿದರು.

ಕಟಕಟೆಯಲ್ಲಿ ಗಂಗೊಳ್ಳಿಯ ವಾಮನ ಖಾರ್ವಿ,
ನೀರಿನ ಟ್ಯಾಂಕರಿನ ಡ್ರೈವರು.
ಜುಲೈ ತಿಂಗಳು. ಮಧ್ಯಾಹ್ನದ ವಿರಾಮ ಕಾನೂನಿನಲ್ಲಿತ್ತು,
ನೆರಳು ಸೈಟಿನಲ್ಲಿರಲಿಲ್ಲ.
ಕಂಬಿ ಕಟ್ಟುವ ಹುಡುಗ ರೊಫಿಕುಲ್
ಟ್ಯಾಂಕರಿನಡಿ ರಟ್ಟು ಹಾಸಿ ಮಲಗಿದ್ದ,
ನಲ್ಲಿ ಸೋರುವ ಕಡೆ. ಅಲ್ಲಿ ಮಣ್ಣು ತಂಪು.
ಮೂರೂವರೆಗೆ ವಾಮನ ಗಾಡಿ ಹಿಂದಕ್ಕೆ ತೆಗೆದ.

ಏನಾಯಿತು ಹೇಳು, ಎಂದರು ಜಡ್ಜು.
"ನಾನು ಕೊಂದೆ."

ತೆರೆದ ಬಾಯಿ ತೆರೆದಂತೆಯೇ ನಿಂತೆ.
ಕಾನೂನಿನ ಅರಬ್ಬಿಯಲ್ಲಿ ಕೊಂದದ್ದಕ್ಕೊಂದು ಮಾತು,
ತಪ್ಪಿ ಕೊಂದದ್ದಕ್ಕೆ ಇನ್ನೊಂದು.
ಒಂದರಲ್ಲಿ ಕೊರಳು ಹೋಗುತ್ತದೆ, ಇನ್ನೊಂದರಲ್ಲಿ ರಿಯಾಲು.
ನಮ್ಮ ಕಡೆಯ ಕನ್ನಡದಲ್ಲೋ
ಇರುವೆ ತುಳಿದರೂ "ಕೊಂದೆಯಲ್ಲೋ" ಅನ್ನುತ್ತಾರೆ.

"ಕೈತಪ್ಪಿ ಆಯ್ತು ಅನ್ನು ಮಾರಾಯ," ಪಿಸುಗುಟ್ಟಿದೆ.
"ಕೈ ತಪ್ಪಲಿಲ್ಲ, ಸ್ಟೀರಿಂಗ್ ಮೇಲೇ ಇತ್ತು.
ಇಳಿದು ಗಾಡಿಗೊಂದು ಸುತ್ತು ಬರಬೇಕಿತ್ತು.
ದಿನಾ ಬರುತ್ತಿದ್ದೆ. ಅವತ್ತು ನೆಲ ಸುಡುತ್ತಿತ್ತು,
ಚಪ್ಪಲಿಯ ಉಂಗುಷ್ಠ ಕಿತ್ತಿತ್ತು."

ಚಪ್ಪಲಿಯನ್ನು ನಾನು ಅರಬ್ಬಿಗೆ ದಾಟಿಸಲಿಲ್ಲ.
ಅವನು ಸತ್ತ, ಇವನಿಂದ, ಇವನು ಬಯಸದೆ, ಎಂದೆ.
ಗುಮಾಸ್ತ ಬರೆದುಕೊಂಡ.

ಮೂರು ತಿಂಗಳು ಜೈಲು. ರಕ್ತದ ಬೆಲೆ ವಿಮೆಯವರದು.
ನೆರಳು ಕಟ್ಟದ ಫೋರ್‌ಮನ್ನನ ಹೆಸರು
ಯಾವ ಸಾಲಿನಲ್ಲೂ ಇರಲಿಲ್ಲ. ನಾನು ಹುಡುಕಿದೆ,
ಆದರೆ ದುಭಾಷಿಗೆ ಸ್ವಂತ ಪ್ರಶ್ನೆ ಇರುವಂತಿಲ್ಲ.

"ದುಡ್ಡು ಯಾರು ಕೊಡ್ತಾರೆ?"
"ವಿಮೆ."
"ಪೂರ್ತಿಯಾ?"
"ಪೂರ್ತಿ."
"ಹಾಗಾದರೆ ನಾನು ಕೊಡೋದು ಏನು?"
ಇದನ್ನೂ ಹೇಳು ಅವರಿಗೆ, ಎಂಬಂತೆ ನೋಡಿದ.
ಜಡ್ಜು ಆಗಲೇ ಮುಂದಿನ ಫೈಲು ಬಿಚ್ಚಿದ್ದರು.

ಜೈಲಿನಿಂದ ಒಂದು ಸಂಜೆ ಫೋನು.
ಇಂಥ ಸಾವಿಗೆ ಸತತ ಎರಡು ತಿಂಗಳ ಉಪವಾಸವೆಂದು
ಪಕ್ಕದ ಹಾಸಿಗೆಯವನು ಹೇಳಿದನಂತೆ.
ಶನಿವಾರ ಬಿಟ್ಟರೆ ಉಪವಾಸವನ್ನೇ ಅರಿಯದ ಖಾರ್ವಿ
ಹತ್ತೊಂಬತ್ತು ದಿನ ಹಿಡಿದಿದ್ದಾನೆ.
"ನಿನ್ನೆ ಜ್ವರ. ಗಂಜಿ ಕುಡಿದುಬಿಟ್ಟೆ.
ಮೊದಲಿಂದ ಎಣಿಸಬೇಕಾ?"

ಜ್ವರಕ್ಕೆ ಮಾಫಿ ಇದೆ,
ಮದರಸದಲ್ಲಿ ನಾನು ಕಲಿತದ್ದು ಅದೇ.
ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಆ ಕಡೆಯಿಂದ ತನಗೆ ತಾನೇ ಅಂದುಕೊಂಡ:
"ಒಂದು."