ಎಂಟು ಹಗ್ಗದ ನಿಮಿಷ

ಕಾನಾಕ್ ಊರಿನ ಮುಂದೆ ಸಮುದ್ರ ಇನ್ನೂ ಕಲ್ಲು.
ಮಾರ್ಚಿ ತಿಂಗಳು. ಸೂರ್ಯ ವಾಪಸು ಬಂದು ಮೂರು ವಾರ.
ತೋರ್ಕಿಲ್ ಮೇಷ್ಟ್ರ ಕೈಯಲ್ಲಿ ಜಿಪಿಎಸ್, ನಮ್ಮ ಕೈಯಲ್ಲಿ
ಐವತ್ತು ಮೀಟರಿನ ಹಗ್ಗ, ಮತ್ತೆ
ಡೆನ್ಮಾರ್ಕಿನಲ್ಲಿ ಅಚ್ಚಾಗಿ ಬಂದ ಹಾಳೆ:
'ನೇರ ಪೂರ್ವಕ್ಕೆ ನಡೆಯಿರಿ.
ರೇಖಾಂಶದಲ್ಲಿ ಒಂದು ನಿಮಿಷ ಸರಿದಲ್ಲಿ ನಿಲ್ಲಿ. ನೆಲ ಅಳೆಯಿರಿ.
ಸರಿಯುತ್ತರ: ಸಾವಿರದ ನಲವತ್ತಾರು ಮೀಟರು, ಹೆಚ್ಚುಕಡಿಮೆ.'

ನೆಲ ಎಲ್ಲಿದೆ, ಕೇಳಿದ ಪೀಟಾ.
ಯಾರೂ ಉತ್ತರ ಕೊಡಲಿಲ್ಲ.

ಒಬ್ಬ ತುದಿ ಹಿಡಿದು ನಿಲ್ಲುವುದು, ಒಬ್ಬಳು ಎಳೆದುಕೊಂಡು ಓಡುವುದು,
ಬೂಟಿನ ಹಿಮ್ಮಡಿಯಿಂದ ಹಿಮದಲ್ಲೊಂದು ಗೀಟು.
ಒಂದು, ಎರಡು, ಮೂರು.
ಕಿಲ್ಲಾಕನ ನಾಯಿ ಪ್ರತಿ ಗೀಟನ್ನೂ ಮೂಸಿ ನೋಡಿ
ಕಾಲೆತ್ತಿ ತನ್ನ ರುಜು ಹಾಕಿತು.
ಎಂಟನೆಯ ಹಗ್ಗಕ್ಕೆ ನಿಮಿಷ ಮುಗಿಯಿತು.

ಹಾಳೆಯ ಲೆಕ್ಕಕ್ಕೆ ಇಪ್ಪತ್ತೊಂದು ಹಗ್ಗ ಬೇಕು.
ತಪ್ಪು ನಮ್ಮದೇ ಇರಬೇಕು. ಯಾವಾಗಲೂ ನಮ್ಮದೇ;
ಆ ಹಾಳೆಗಳಲ್ಲಿ ರೈಲಿರುತ್ತದೆ, ಮರವಿರುತ್ತದೆ, ಬೇಲಿಯಾಚೆ ಹಸು.
ಮತ್ತೆ ಅಳೆದೆವು. ಎಂಟು.
ಮೂರನೆಯ ಸಲ ಮೇಷ್ಟ್ರೇ ತುದಿ ಹಿಡಿದರು, ಮೀಸೆಯಲ್ಲಿ ಮಂಜಿನ ಹರಳು.
ಎಂಟು.

ಆಗ ನಿವಿಕ್ಕಾ ಟೋಪಿ ತೆಗೆದಳು,
ಮೈನಸ್ ಇಪ್ಪತ್ತಾರರಲ್ಲಿ!
"ಅಜ್ಜಿ ಹೆಣೆದದ್ದು ಸರ್. ಆರು ಪಟ್ಟಿ.
ಅಂಚಿನಲ್ಲಿ ಪಟ್ಟಿಗೆ ಹದಿನಾರು ಕುಣಿಕೆ.
ಮೇಲೆ ಹೋದಂತೆ ಎರಡನ್ನು ಸೇರಿಸಿ ಒಂದು ಮಾಡುತ್ತಾಳೆ,
ನೆತ್ತಿಗೆ ಬರುವಾಗ ಪಟ್ಟಿಗೆ ಒಂದೇ.
ಪಟ್ಟಿ ಮಾತ್ರ ಆರೂ ಇವೆ. ನಾವು ಇರೋದು ಇಲ್ಲಿ."
ಕುಚ್ಚಿನ ಬುಡಕ್ಕೆ ಬೆರಳಿಟ್ಟಳು. ಕಿವಿ ಕೆಂಡದಂತಾಗಿತ್ತು.

ಮೇಷ್ಟ್ರು ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು,
ನೋಡುತ್ತಲೇ ಇದ್ದರು,
ಕೊನೆಗೆ ಅವಳೇ ಕಿತ್ತುಕೊಂಡು ಹಾಕಿಕೊಂಡಳು.
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು. ಪೆನ್ಸಿಲಿನಲ್ಲಿ
ಅಚ್ಚಿನ ಅಂಕಿ ಹೊಡೆದು 'ನಾನೂರು' ಎಂದು ಬರೆದರು,
ಪಕ್ಕದಲ್ಲಿ ಸಣ್ಣಗೆ, 'ಇಲ್ಲಿ'.

ಇನ್ನೂ ಮೇಲೆ ಹೋದರೆ? ಪೀಟಾ ಬಿಡಲಿಲ್ಲ.
ನೂರು. ಹತ್ತು. ಒಂದು ಗೇಣು.
ಅದಕ್ಕೂ ಮೇಲೆ?
ಹಗ್ಗ ಸುತ್ತಿ, ಹೊತ್ತಾಯಿತು, ಅಂದರು ಮೇಷ್ಟ್ರು.

ಸುತ್ತಲು ಹೋದರೆ ಹಗ್ಗ ಸೆಟೆದು ಕೋಲಾಗಿತ್ತು, ಬಾಗಲೊಲ್ಲದು.
ನಿಮಿಷದ ಎಂಟನೆಯ ಒಂದು ಪಾಲನ್ನು
ಹಾಗೇ ಉದ್ದಕ್ಕೆ ಹೆಗಲ ಮೇಲಿಟ್ಟುಕೊಂಡು
ಒಂಬತ್ತು ಜನ ಸಾಲಾಗಿ ಊರಿಗೆ ಬಂದೆವು,
ಹಿಂದೆ ನಾಯಿ.